ಒಂದೇ ವಿಡಿಯೊ, ಇಪ್ಪತ್ತೈದು ಹೆಸರು!

ಮೂರೇ ಮೂರು ನಿಮಿಷದ ವಿಡಿಯೊ. ಅದರಲ್ಲಿ ಕುಣಿತವಿಲ್ಲ. ಮುದ್ದು ಬೆಕ್ಕಿಲ್ಲ. ಸಿನಿಮಾ ತಾರೆಯಂತೂ ಇಲ್ಲವೇ ಇಲ್ಲ. ಒಬ್ಬ ಹುಡುಗ ಮೈಕಿನ ಮುಂದೆ ನಿಂತು ಮಾತಾಡುತ್ತಾನೆ, ಅಷ್ಟೇ!

ಹುಡುಗನ ಹೆಸರು ಝ್ಯಾಕ್ ವಾಲ್ಸ್. ವಯಸ್ಸು 19. ಅವತ್ತು 2011ರ ಜನವರಿ 31. ಸಲಿಂಗ ವಿವಾಹಕ್ಕೆ ತಡೆ ಹಾಕುವ ತಿದ್ದುಪಡಿಯ ಬಗ್ಗೆ ಅಮೆರಿಕದ ಅಯೋವಾ ರಾಜ್ಯದ ಶಾಸನಸಭೆ ಜನರ ಅಹವಾಲು ಕೇಳುತ್ತಿತ್ತು. ತನ್ನನ್ನು ಸಾಕಿ ಬೆಳೆಸಿದವರು ಇಬ್ಬರು ತಾಯಂದಿರು ಎಂದು ಆ ಹುಡುಗ ಎದೆಯುಬ್ಬಿಸಿ ಹೇಳಿದ. ವಿಡಿಯೊ ಯೂಟ್ಯೂಬಿಗೆ ಬಂತು. ಅದಕ್ಕೆ ಇಟ್ಟ ಹೆಸರೇನು ಗೊತ್ತೆ? ಝ್ಯಾಕ್ ವಾಲ್ಸ್ ಕುಟುಂಬದ ಬಗ್ಗೆ ಮಾತಾಡುತ್ತಾನೆ!

ಸರಿ, ಲಕ್ಷಾಂತರ ಜನ ನೋಡಿದರು. ಮೆಚ್ಚಿದರು. ತಿಂಗಳುಗಳು ಉರುಳಿದವು.

ವರ್ಷದ ಕೊನೆಗೆ ಮೂವ್‌ಆನ್ ಎಂಬ ಸಂಘಟನೆ ಅದೇ ವಿಡಿಯೊವನ್ನು ಮತ್ತೆ ಎತ್ತಿಕೊಂಡಿತು. ಬದಲಾಗಿದ್ದು ಹೆಸರು ಮಾತ್ರ. 'ಇಬ್ಬರು ಸಲಿಂಗಿ ಹೆಂಗಸರು ಒಂದು ಮಗುವನ್ನು ಸಾಕಿದರು, ಕೊನೆಗೆ ಅವರ ಕೈಗೆ ಸಿಕ್ಕಿದ್ದು ಇದು' ಎಂಬರ್ಥದ ತಲೆಬರಹ!

ಏನಾಯಿತು, ಊಹಿಸಿ! ಇಮ್ಮಡಿ?

ನೋಡಿದವರ ಲೆಕ್ಕ ಕೋಟಿ ದಾಟಿತು! ಅದೇ ಹುಡುಗ, ಅದೇ ಮೈಕು, ಅದೇ ಮೂರು ನಿಮಿಷ. ಮನೆ ಹಳೆಯದೇ. ಬಾಗಿಲು ಮಾತ್ರ ಹೊಸದು!

ಈ ಬಾಗಿಲಿನ ಗುಟ್ಟನ್ನು ಹತ್ತಿರದಿಂದ ಕಂಡ ಇಬ್ಬರಿದ್ದರು. ಒಬ್ಬರು ಏಲಿ ಪ್ಯಾರಿಸರ್, ಮೂವ್‌ಆನ್ ನಡೆಸಿದವರು. ಇನ್ನೊಬ್ಬರು ಪೀಟರ್ ಕೀಕ್ಲಿ, ಅದೇ ಸಂಘಟನೆಯಲ್ಲಿ ದುಡಿದವರು. ಅದಕ್ಕೂ ಮೊದಲು 'ದಿ ಆನಿಯನ್' ಎಂಬ ಅಮೆರಿಕದ ಹೆಸರಾಂತ ನಗೆಪತ್ರಿಕೆಯಲ್ಲಿ ಸಂಪಾದಕರಾಗಿದ್ದವರು. 2012ರ ಮಾರ್ಚ್‌ನಲ್ಲಿ ಇಬ್ಬರೂ ಸೇರಿ ಒಂದು ವೆಬ್‌ಸೈಟ್ ತೆರೆದರು. ಹೆಸರು ಅಪ್‌ವರ್ದಿ.

ಇಲ್ಲೇ ನೋಡಿ ಮೊದಲ ಅಚ್ಚರಿ. ಆರಂಭದಲ್ಲಿ ಈ ತಾಣ ತನ್ನದು ಅಂತ ಏನನ್ನೂ ತಯಾರಿಸಲಿಲ್ಲ! ವರದಿಗಾರರಿಲ್ಲ. ಕ್ಯಾಮೆರಾ ತಂಡವಿಲ್ಲ. ಇದ್ದವರು ಕ್ಯುರೇಟರ್‌ಗಳು. ಅಂದರೆ ಹೆಕ್ಕುವವರು! ತಮ್ಮ ತಮ್ಮ ಮನೆಯಲ್ಲೇ ಕುಳಿತು ಇಂಟರ್‌ನೆಟ್‌ನ ಮೂಲೆಮೂಲೆ ಜಾಲಾಡುವುದು ಅವರ ಕೆಲಸ. ಯಾರೋ ಎಂದೋ ಹಾಕಿದ ಭಾಷಣ, ಯಾವುದೋ ಸಂಸ್ಥೆಯ ಪುಟ್ಟ ಸಾಕ್ಷ್ಯಚಿತ್ರ, ಮೂಲೆ ಸೇರಿದ ಒಂದು ನಕ್ಷೆ. ಕಸದಲ್ಲಿ ರಸ ತೆಗೆಯುವುದು ಅಂತೀವಲ್ಲ, ಅದನ್ನೇ ಅವರು ದಿನವಿಡೀ ಮಾಡುತ್ತಿದ್ದರು.

ಏನು ಸಿಕ್ಕರೂ ಎತ್ತಿಕೊಳ್ಳುವಂತಿಲ್ಲ. ಎರಡು ಒರೆಗಲ್ಲು. ವಿಷಯಕ್ಕೆ ತೂಕ ಇರಬೇಕು. ನೋಡಿದವನಿಗೆ 'ಇದನ್ನು ನಾಲ್ಕು ಜನಕ್ಕೆ ತೋರಿಸಬೇಕಲ್ಲ' ಅಂತ ಕೈ ತುರಿಸಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಪಕ್ಕಕ್ಕೆ!

ಹೆಕ್ಕಿದ್ದಾಯಿತು. ಮುಂದೆ? ತಲೆಬರಹ ಬರೆಯಬೇಕು. ಒಂದು ವಿಡಿಯೊಗೆ ಎಷ್ಟು ಬರೆಯುತ್ತಿದ್ದರು ಅಂತೀರಿ? ಎರಡು? ಐದು? ಪತ್ರಿಕೆಯ ಡೆಸ್ಕಿನಲ್ಲಿ ಕುಳಿತವರನ್ನು ಕೇಳಿದರೆ ಮೂರು ಬರೆದವರೇ ಧಾರಾಳಿಗಳು.

ಇಪ್ಪತ್ತೈದು!

ಹೌದು, ಒಂದೊಂದಕ್ಕೂ ಇಪ್ಪತ್ತೈದು! ಇದು ಸಲಹೆಯಲ್ಲ, ಕಟ್ಟಪ್ಪಣೆ. ಇಪ್ಪತ್ತಮೂರಕ್ಕೆ ನಿಲ್ಲಿಸುವಂತಿಲ್ಲ. ನೆಗಡಿ ಬಂದಿದೆ ಎಂದು ಬಿಡುವಂತಿಲ್ಲ.

ಯಾಕೆ ಇಷ್ಟು? ನೀವೇ ಒಮ್ಮೆ ಕುಳಿತು ನೋಡಿ, ಕಾರಣ ಹೊಳೆಯುತ್ತದೆ. ಮೊದಲ ಐದು ಯಾರ ತಲೆಗಾದರೂ ಬರುವಂಥವು. ಹತ್ತಕ್ಕೆ ಬರುವಷ್ಟರಲ್ಲಿ ಪದಗಳು ಖಾಲಿ. ಹದಿನೈದಕ್ಕೆ ಬೇಸರ. ಇಪ್ಪತ್ತಕ್ಕೆ ಹತಾಶೆ, ಏನೇನೋ ಗೀಚುತ್ತೀರಿ. ಆ ಗೀಚಾಟದಲ್ಲಿ ಸಂಕೋಚ ಕಳಚಿ ಬೀಳುತ್ತದೆ. ಆಗ ಬರುತ್ತದೆ ನೋಡಿ, ನೀವೇ ಊಹಿಸಿರದ ಒಂದು ಸಾಲು! ತಮ್ಮ ವಿಧಾನವನ್ನು ಜಗತ್ತಿಗೆ ಬಿಚ್ಚಿಟ್ಟ ಸ್ಲೈಡ್‌ಗಳಲ್ಲಿ ಅಪ್‌ವರ್ದಿಯವರು ಇದನ್ನೇ ಹೇಳಿಕೊಂಡರು. ಇಪ್ಪತ್ತನಾಲ್ಕನೆಯದು ಕೆಟ್ಟದಾಗಿರುತ್ತದೆ, ಇಪ್ಪತ್ತೈದನೆಯದು ತಲೆಬರಹದ ದೇವರೇ ಕೊಟ್ಟ ವರವಾಗಿರುತ್ತದೆ ಎಂದು! ಬಾವಿ ತೋಡಿದವರಿಗೆ ಈ ಮಾತು ಹೊಸದಲ್ಲ. ಮಣ್ಣು, ಮಣ್ಣು, ಕಲ್ಲು, ಮತ್ತೆ ಮಣ್ಣು. ಇನ್ನೊಂದೇ ಮೊಳ ಅಂದಾಗ ಒರತೆ!

ಆ ವರದಂಥ ಸಾಲಿನಲ್ಲಿ ಏನಿರಬೇಕು? ಒಂದು ಕಿಂಡಿ! ಎಲ್ಲವನ್ನೂ ಹೇಳಿಬಿಟ್ಟರೆ ಒಳಗೆ ಯಾರೂ ಬರುವುದಿಲ್ಲ. ಏನೂ ಹೇಳದಿದ್ದರೂ ಬರುವುದಿಲ್ಲ. ಬೆಳಕು ಒಂದು ಗೆರೆಯಷ್ಟು ಹೊರಬೀಳಬೇಕು.

ಕುತೂಹಲ ಹುಟ್ಟುವ ಬಗೆಯನ್ನು ಅಮೆರಿಕದ ಪ್ರೊಫೆಸರ್ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲೇ ವಿವರಿಸಿದ್ದರು. ಗೊತ್ತಿರುವುದಕ್ಕೂ ಗೊತ್ತಾಗಬೇಕಿರುವುದಕ್ಕೂ ನಡುವೆ ಒಂದು ಕಂದಕ ಕಂಡಾಗ ಮನಸ್ಸು ಚಡಪಡಿಸುತ್ತದೆ. ಹಸಿವಿನ ಹಾಗೆ! ಏನೂ ಗೊತ್ತಿಲ್ಲದವನಿಗೆ ಆ ಹಸಿವಿಲ್ಲ. ಚೂರು ಗೊತ್ತಾದವನಿಗೆ ನಿದ್ದೆಯಿಲ್ಲ!

ನಮ್ಮ ಅಜ್ಜಿಯರಿಗೆ ಇದನ್ನು ಯಾವ ಪ್ರೊಫೆಸರರೂ ಹೇಳಿಕೊಡಬೇಕಿರಲಿಲ್ಲ. ಒಗಟು ಹಾಕಿ, ಅರ್ಧ ಸುಳಿವು ಕೊಟ್ಟು, ಎಲೆ ಅಡಿಕೆ ಮೆಲ್ಲುತ್ತ ಸುಮ್ಮನಾಗಿಬಿಡುವರು. 'ಸೋತೆ' ಎಂದು ಒಪ್ಪಿಕೊಳ್ಳುವ ತನಕ ಉತ್ತರ ಹೊರಗೆ ಬರುತ್ತಿರಲಿಲ್ಲ. ರಾತ್ರಿಯಿಡೀ ಹೊರಳಾಡಿದ್ದು ನೆನಪಿದೆಯೆ? ಅಪ್‌ವರ್ದಿ ಇಡೀ ಲೋಕಕ್ಕೆ ಹಾಕಿದ್ದು ಅದೇ ಒಗಟು!

ತಡೆಯಿರಿ, ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಭಾಗಕ್ಕೆ ಇನ್ನೂ ಬಂದಿಲ್ಲ.

ಇಪ್ಪತ್ತೈದು ಬರೆದರು. ಅದರಲ್ಲಿ ನಾಲ್ಕಾರು ಒಳ್ಳೆಯವು ಉಳಿದವು. ಯಾವುದನ್ನು ಅಂತಿಮವಾಗಿ ಹಾಕಬೇಕು? ಯಾರು ತೀರ್ಮಾನಿಸುವವರು? ಸಂಪಾದಕರೇ? ಮಾಲೀಕರೇ?

ನೀವು! ಓದುಗರೇ! ಅದೂ ನಿಮಗೇ ತಿಳಿಯದ ಹಾಗೆ!

ತಾಣಕ್ಕೆ ಬಂದವರನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ಗುಂಪು ಗುಂಪಾಗಿ ಹಂಚುತ್ತಿತ್ತು. ಒಂದು ಗುಂಪಿಗೆ ಒಂದು ತಲೆಬರಹ ಮತ್ತು ಚಿತ್ರ. ಇನ್ನೊಂದು ಗುಂಪಿಗೆ ಅದೇ ವಿಡಿಯೊ, ಬೇರೆ ತಲೆಬರಹ. ಮೂರನೆಯ ಗುಂಪಿಗೆ ಮತ್ತೊಂದು. ಯಾವುದರ ಮೇಲೆ ಹೆಚ್ಚು ಕ್ಲಿಕ್ ಬಿತ್ತೋ ಅದಕ್ಕೆ ಪಟ್ಟ! ಹೊಸ ಔಷಧ ಪರೀಕ್ಷಿಸುವಾಗ ವೈದ್ಯವಿಜ್ಞಾನಿಗಳು ರೋಗಿಗಳನ್ನು ಗುಂಪು ಮಾಡುತ್ತಾರಲ್ಲ, ಅದೇ ಪದ್ಧತಿ. ಮಾತ್ರೆಯ ಜಾಗದಲ್ಲಿ ಒಂದು ಸಾಲು ಬರಹ. ಇದಕ್ಕೆ ಎ-ಬಿ ಪರೀಕ್ಷೆ ಎಂದು ಹೆಸರು.

ಊಟಕ್ಕೆ ಕುಳಿತು ಫೋನ್ ತೀಡುತ್ತಿದ್ದ ಮನುಷ್ಯ ಅಲ್ಲೊಂದನ್ನು ಒತ್ತಿದ, ಮುಂದೆ ಹೋದ. ತಾನೀಗ ಒಂದು ಮತ ಹಾಕಿದೆ ಅಂತ ಅವನಿಗೆ ಗೊತ್ತೇ ಇಲ್ಲ!

ಫಲ? ತಾಣ ಶುರುವಾಗಿ ಎರಡು ವರ್ಷವೂ ತುಂಬಿರಲಿಲ್ಲ. 2013ರ ನವೆಂಬರ್. ಆ ಒಂದೇ ತಿಂಗಳಲ್ಲಿ ಅಲ್ಲಿಗೆ ಬಂದವರು ಎಷ್ಟು ಜನ? ಹತ್ತು ಲಕ್ಷ ಅಂದಿರಾ? ಒಂದು ಕೋಟಿ?

8 ಕೋಟಿ 70 ಲಕ್ಷ!

2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಬೀದರ್‌ನಿಂದ ಚಾಮರಾಜನಗರದವರೆಗೆ ಪ್ರತಿಯೊಬ್ಬರೂ, ತೊಟ್ಟಿಲ ಕೂಸೂ ಸೇರಿ, ಹೋಗಿ ನೋಡಿ ಬಂದಿದ್ದರೂ ಇನ್ನೂ ಎರಡೂವರೆ ಕೋಟಿ ಕಡಿಮೆಯೇ!

ಅಷ್ಟು ಜನರನ್ನು ಹೊತ್ತು ತಂದದ್ದು ಫೇಸ್‌ಬುಕ್. ಒಬ್ಬರು ನೋಡಿದರು, ಶೇರ್ ಮಾಡಿದರು, ಅವರ ಗೆಳೆಯರು ನೋಡಿದರು, ಅವರೂ ಶೇರ್ ಮಾಡಿದರು. ಇದರಲ್ಲೊಂದು ಸೋಜಿಗದ ಎಳೆಯಿದೆ. ಫೇಸ್‌ಬುಕ್‌ನ ಅಲ್ಗಾರಿದಮ್ ನಮಗೆ ಒಪ್ಪಿಗೆಯಾಗುವುದನ್ನಷ್ಟೇ ತೋರಿಸಿ ಗುಳ್ಳೆಯೊಳಗೆ ಕೂರಿಸುತ್ತಿದೆ ಎಂದು 2011ರಲ್ಲಿ ಪುಸ್ತಕ ಬರೆದು ಎಚ್ಚರಿಸಿದವರು ಯಾರು? ಇದೇ ಏಲಿ ಪ್ಯಾರಿಸರ್! ಆ ಗುಳ್ಳೆಯೊಳಕ್ಕೆ ತೂಕದ ವಿಷಯಗಳನ್ನು ನುಗ್ಗಿಸುವುದು ಹೇಗೆ ಎಂಬ ತಹತಹದಲ್ಲೇ ಅವರು ಈ ತಾಣ ಕಟ್ಟಿದ್ದು. ನನಗೆ ಆ ತಹತಹ ತುಂಬಾ ಇಷ್ಟ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2013ರದೇ ಡಿಸೆಂಬರಿನಲ್ಲಿ ಫೇಸ್‌ಬುಕ್, ಯಾರಿಗೆ ಏನು ತೋರಿಸಬೇಕೆಂಬ ತನ್ನ ಲೆಕ್ಕಾಚಾರ ಬದಲಿಸಿತು. ಎಲ್ಲರೂ ಅಪ್‌ವರ್ದಿಯಂತೆಯೇ ತಲೆಬರಹ ಬರೆಯತೊಡಗಿದ್ದರು, ಓದುಗರಿಗೂ ಸಾಕುಸಾಕಾಗಿತ್ತು. ಬರುವವರು ಕಡಿಮೆಯಾದರು. 2017ರಲ್ಲಿ ಅಪ್‌ವರ್ದಿ ಇನ್ನೊಂದು ಮಾಧ್ಯಮ ಸಂಸ್ಥೆಯ ಜೊತೆ ಸೇರಿಹೋಯಿತು.

ಕಥೆ ಮುಗಿಯಿತು ಅಂದುಕೊಂಡಿರಾ? ಇಲ್ಲ! ನಿಜವಾದ ನಿಧಿ ಸಿಕ್ಕಿದ್ದೇ ಆಮೇಲೆ!

ಆ ಎ-ಬಿ ಪರೀಕ್ಷೆಗಳ ಲೆಕ್ಕವನ್ನು ಯಾರೂ ಅಳಿಸಿರಲಿಲ್ಲ! ಒಂದೊಂದು ತಲೆಬರಹ, ಅದರ ಜೊತೆಗಿದ್ದ ಚಿತ್ರದ ಗುರುತು, ಎಷ್ಟು ಜನಕ್ಕೆ ಕಾಣಿಸಿತು, ಎಷ್ಟು ಜನ ಒತ್ತಿದರು, ಗೆದ್ದಿತೋ ಸೋತಿತೋ. ಎಲ್ಲವೂ ಸಾಲಾಗಿ ಕೂತಿತ್ತು. ಸಾಮಾನ್ಯವಾಗಿ ಕಂಪನಿಗಳು ಇಂಥದ್ದನ್ನು ಬೀಗ ಹಾಕಿ ಇಡುತ್ತವೆ. ಇವರು ಸಂಶೋಧಕರ ಕೈಗಿತ್ತರು! ಕಾರ್ನೆಲ್ ವಿಶ್ವವಿದ್ಯಾಲಯದ ನೇಥನ್ ಮಥಾಯಸ್ ಮತ್ತು ಜೊತೆಗಾರರು ಅದನ್ನು ಶುಚಿಮಾಡಿ, ಜೋಡಿಸಿ, 2021ರಲ್ಲಿ ಜಗತ್ತಿನ ಮುಂದಿಟ್ಟರು.

ಎಷ್ಟು ಪರೀಕ್ಷೆಗಳಿದ್ದವು ಅದರಲ್ಲಿ? ಒಂದು ಪ್ರಯೋಗ ನಡೆಸಲು ಮನಶ್ಶಾಸ್ತ್ರದ ಸಂಶೋಧಕರು ತಿಂಗಳುಗಟ್ಟಲೆ ಪರದಾಡುತ್ತಾರೆ. ಇನ್ನೂರು ಜನ ಸಿಕ್ಕರೆ ಹಬ್ಬ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಸಂಖ್ಯೆ ಹೇಳಿ ನೋಡೋಣ.

32,487!

ಮೂವತ್ತೆರಡು ಸಾವಿರಕ್ಕೂ ಹೆಚ್ಚು ಪ್ರಯೋಗಗಳು! 2013ರ ಜನವರಿ 24ರಿಂದ 2015ರ ಏಪ್ರಿಲ್ 30ರವರೆಗೆ. ಭಾಗಿಸಿ ನೋಡಿದೆ. ದಿನಕ್ಕೆ ಸುಮಾರು 39 ಬರುತ್ತದೆ! ಭಾನುವಾರ, ಹಬ್ಬ, ಕ್ರಿಸ್‌ಮಸ್ ಎಲ್ಲ ಲೆಕ್ಕಕ್ಕೆ ಹಿಡಿದು! ಪರೀಕ್ಷೆಗೆ ಇಳಿದ ತಲೆಬರಹ-ಚಿತ್ರದ ಜೋಡಿಗಳು 1,50,817.

ಆ ಜೋಡಿಗಳು ಎಷ್ಟು ಸಲ ಓದುಗರ ಕಣ್ಣಮುಂದೆ ಬಂದವು? ಉಸಿರು ಬಿಗಿಹಿಡಿಯಿರಿ. 53 ಕೋಟಿ 82 ಲಕ್ಷ 72 ಸಾವಿರದ 878 ಸಲ!

ಆ ಕೊನೆಯ 878 ಕಂಡು ನನಗೆ ಮೈ ಜುಮ್ಮೆಂದಿತು. ಐವತ್ತಮೂರು ಕೋಟಿಯ ರಾಶಿಯಲ್ಲಿ ಒಂದು ಕಾಳೂ ಉದುರಿಹೋಗದಂತೆ ಎಣಿಸಿಟ್ಟಿದ್ದಾರೆ!

ನಿಧಿಯನ್ನು ಹಂಚಿದ ರೀತಿಯೂ ಎಷ್ಟು ಚಂದ! ಮೊದಲು ಒಂದು ಚಿಕ್ಕ ಪಾಲನ್ನಷ್ಟೇ ತೆರೆದರು. ನೋಡಿ, ನಿಮ್ಮ ಊಹೆ ಏನೆಂದು ಬರೆದುಕೊಡಿ, ಆಮೇಲೆ ಉಳಿದ ಬೀಗ ತೆಗೆಯುತ್ತೇವೆ ಎಂದರು. ಉತ್ತರ ನೋಡಿಕೊಂಡು ಪ್ರಶ್ನೆ ಬದಲಿಸುವ ಹಾಗಿಲ್ಲ! ಅಜ್ಜಿಯ ಒಗಟಿನ ನಿಯಮವೇ ಮತ್ತೆ!

ಈಗ ನಿಮ್ಮ ಸರದಿ. ಅಪ್‌ವರ್ದಿ ಅಂದರೆ ಮೇಲೆತ್ತುವಂಥದ್ದು, ಭರವಸೆ ಕೊಡುವಂಥದ್ದು. ಅಲ್ಲಿಗೆ ಬರುತ್ತಿದ್ದವರೂ ಒಳ್ಳೆಯದನ್ನು ಅರಸಿ ಬಂದವರೇ. ಹಾಗಿದ್ದರೆ ಯಾವ ತಲೆಬರಹಕ್ಕೆ ಹೆಚ್ಚು ಕ್ಲಿಕ್? 'ಪ್ರೀತಿ', 'ಸುಂದರ' ಎಂಬಂಥ ಒಳ್ಳೆಯ ಪದ ಇದ್ದದ್ದಕ್ಕೋ, 'ಕೆಟ್ಟ', 'ಭೀಕರ' ಎಂಬಂಥದ್ದು ಇದ್ದದ್ದಕ್ಕೋ?

ಹೇಳಿ! ಮನಸ್ಸಿನಲ್ಲೇ ಒಂದನ್ನು ಆರಿಸಿಕೊಂಡು ಮುಂದೆ ಓದಿ.

ಕೆಟ್ಟದ್ದಕ್ಕೆ! ಸಾಧಾರಣ ಉದ್ದದ ತಲೆಬರಹದಲ್ಲಿ ಒಂದೊಂದು ನಕಾರಾತ್ಮಕ ಪದ ಸೇರಿದಾಗಲೂ ಕ್ಲಿಕ್ಕಿನ ಪ್ರಮಾಣ ಶೇ 2.3ರಷ್ಟು ಏರುತ್ತಿತ್ತು. ಒಳ್ಳೆಯ ಪದ ಸೇರಿದರೆ? ಇಳಿಯುತ್ತಿತ್ತು!

2.3 ಎಷ್ಟು ಮಹಾ, ಅನ್ನಿಸಿತೆ? ಇದನ್ನು ಕಂಡುಕೊಂಡ ಅಧ್ಯಯನ ನಿಧಿಯ ಒಂದು ಪಾಲನ್ನಷ್ಟೇ ಎತ್ತಿಕೊಂಡಿತ್ತು, ಅದರಲ್ಲಿ ಸುಮಾರು 37 ಕೋಟಿ ಸಲ ತಲೆಬರಹಗಳು ಕಣ್ಣಿಗೆ ಬಿದ್ದಿದ್ದವು. ಒತ್ತಿದ್ದು ಸುಮಾರು 57 ಲಕ್ಷ ಸಲ. ನೂರಕ್ಕೆ ಒಂದೂವರೆ! ಉಳಿದ ತೊಂಬತ್ತೆಂಟೂವರೆ ಸಲ ಬೆರಳು ಮುಂದೆ ಜಾರಿದೆ. ಇಷ್ಟು ಬಿಗಿಯಾದ ಬಾಗಿಲನ್ನು ಒಂದೇ ಒಂದು ಪದ ಕದಲಿಸುತ್ತದೆ ಅಂದರೆ!

ಈ ಫಲಿತಾಂಶ 2023ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಬಂತು. ಅದರ ಹಿಂದೆಯೂ ಒಂದು ಪುಟ್ಟ ಕಥೆ. ನ್ಯೂಯಾರ್ಕ್‌ನಲ್ಲೊಂದು ತಂಡ, ಯುರೋಪಿನಲ್ಲೊಂದು ತಂಡ. ಒಬ್ಬರಿಗೆ ಇನ್ನೊಬ್ಬರ ಸುಳಿವಿಲ್ಲ. ಇಬ್ಬರೂ ಇದೇ ನಿಧಿಗೆ ಇದೇ ಪ್ರಶ್ನೆ ಕೇಳುವ ಯೋಜನೆಯನ್ನು ಇದೇ ಪತ್ರಿಕೆಗೆ ಕಳಿಸಿದ್ದರು! ಒಬ್ಬರು ಗೆದ್ದು ಇನ್ನೊಬ್ಬರು ಸೋಲುವ ಬದಲು ಎರಡೂ ತಂಡ ಕೈಜೋಡಿಸಿ ಒಂದೇ ಪ್ರಬಂಧ ಬರೆದವು.

ಅವರು ಭಾವನೆಗಳನ್ನೂ ಬೇರೆಬೇರೆ ಮಾಡಿ ನೋಡಿದರು. ಸಿಟ್ಟಿನ ಪದಗಳು ಜನರನ್ನು ಎಳೆಯುತ್ತವೆ ಅಂದುಕೊಂಡಿದ್ದೆ. ಇಲ್ಲ! ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಭಯದ ಪದಗಳಿಂದ ಕ್ಲಿಕ್ ಇಳಿಯಿತು. ಸಂತೋಷದ ಪದಗಳಿಂದಲೂ ಇಳಿಯಿತು. ಏರಿಸಿದ್ದು ಯಾವುದು ಗೊತ್ತೆ? ದುಃಖ!

ಯಾರದೋ ದುಃಖದ ಸುಳಿವು ಸಿಕ್ಕರೆ ನಾವು ಬಾಗಿಲು ತಳ್ಳಿ ಒಳಗೆ ಇಣುಕುತ್ತೇವೆ.

ಇನ್ನೊಂದು ಒಗಟಿದೆ, ಬಿಡಿಸಿ! ದುಃಖದ ಬಾಗಿಲು ತಳ್ಳಿದ ಅದೇ ಮನುಷ್ಯ ಅದನ್ನು ಇನ್ನೊಬ್ಬರಿಗೆ ಕಳಿಸುತ್ತಾನೆಯೆ?

ಇದಕ್ಕೆ ಸುಳಿವು ಸಿಗುವುದು ಬೇರೆ ಕಡೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋನಾ ಬರ್ಗರ್ ಮತ್ತು ಕ್ಯಾಥರೀನ್ ಮಿಲ್ಕ್‌ಮನ್ 'ನ್ಯೂಯಾರ್ಕ್ ಟೈಮ್ಸ್'ನ ಮೂರು ತಿಂಗಳ ಬರಹಗಳನ್ನು ಜಾಲಾಡಿದ್ದರು. ಸುಮಾರು 7,000 ಬರಹಗಳು! ಓದುಗರು ಅತಿ ಹೆಚ್ಚು ಇಮೇಲ್ ಮಾಡಿದ ಬರಹಗಳ ಪಟ್ಟಿಗೆ ಯಾವುದು ಏರುತ್ತದೆ ಎಂದು ಅವರು ಲೆಕ್ಕ ಹಾಕಿದರು. 2012ರಲ್ಲಿ ಪ್ರಕಟವಾದ ಅವರ ಉತ್ತರ ಏನು ಗೊತ್ತೆ? ಸಿಟ್ಟು ಹರಡುತ್ತದೆ. ಆತಂಕ ಹರಡುತ್ತದೆ. ಬೆರಗು ಹರಡುತ್ತದೆ! ಇಂಥ ಭಾವಗಳು ಒಳಗೆ ಕಿಡಿ ಹೊತ್ತಿಸುತ್ತವೆ, ಸುಮ್ಮನೆ ಕೂರಲು ಬಿಡುವುದಿಲ್ಲ. ದುಃಖ? ಅದು ಮನುಷ್ಯನನ್ನು ಕುಗ್ಗಿಸುತ್ತದೆ. ಹಂಚುವ ಕೈ ಹಿಂದೆ ಸರಿಯುತ್ತದೆ!

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ! ತಾಣ ಬೇರೆ, ಪತ್ರಿಕೆ ಬೇರೆ, ಅಳೆದದ್ದೂ ಬೇರೆ ಎಂಬುದು ನಿಜ. ಆದರೂ ಒಂದು ಕಡೆ ದುಃಖ ಕ್ಲಿಕ್ ತರುತ್ತದೆ, ಇನ್ನೊಂದು ಕಡೆ ಅದೇ ದುಃಖ ಹಂಚಿಕೆಯನ್ನು ತಡೆಯುತ್ತದೆ! ಇಣುಕುವ ಕಣ್ಣು ಒಂದು, ಹಂಚುವ ಕೈ ಇನ್ನೊಂದು! ಒಬ್ಬನೇ ಮನುಷ್ಯನೊಳಗೆ ಇಬ್ಬರು! ವೈರಲ್ ಆಗಬೇಕಾದರೆ ಒಂದು ವಿಡಿಯೊ ಇಬ್ಬರನ್ನೂ ಒಲಿಸಿಕೊಳ್ಳಬೇಕು. ಹೊಸಿಲಲ್ಲಿ ಕಣ್ಣನ್ನು, ಹೊರಡುವಾಗ ಕೈಯನ್ನು. ಝ್ಯಾಕ್ ವಾಲ್ಸ್‌ನ ವಿಡಿಯೊವನ್ನು ಈಗ ಮತ್ತೆ ನೆನಪಿಸಿಕೊಳ್ಳಿ. ಒಳಗೆ ಎಳೆದದ್ದು ತಲೆಬರಹ. ಆದರೆ ಅಷ್ಟು ಜನರ ಕೈಯಲ್ಲಿ ಅದನ್ನು ಹಂಚಿಸಿದ್ದು ಹತ್ತೊಂಬತ್ತರ ಆ ಹುಡುಗನ ಮೂರು ನಿಮಿಷದ ಮಾತು!

ನಿಧಿಯಿಂದ ಮತ್ತೊಂದು ಮುತ್ತು ತೆಗೆದುಕೊಡುತ್ತೇನೆ. 2024ರಲ್ಲಿ ಬಂದ ಅಧ್ಯಯನವೊಂದು ಅಪ್‌ವರ್ದಿಯ ಜೊತೆಗೆ 'ವಾಷಿಂಗ್ಟನ್ ಪೋಸ್ಟ್'ನ ಪರೀಕ್ಷೆಗಳನ್ನೂ ಸೇರಿಸಿಕೊಂಡಿತು. ಅಲ್ಲಿ ಗೆದ್ದದ್ದು ಯಾವುದು? ಸರಳ ಮಾತು! ಎಲ್ಲರೂ ಬಲ್ಲ ಪದಗಳು, ಆಡಿದಂತೆ ಬರೆದ ಸಾಲು. ಓದುಗರ ಗಮನ ಅದರ ಕಡೆಗೇ ಹೋಯಿತು. ಇಲ್ಲೇ ಇರುವುದು ಸ್ವಾರಸ್ಯ. ವೃತ್ತಿಯಿಂದ ಬರೆಯುವವರನ್ನೂ ಅವರು ಪರೀಕ್ಷಿಸಿದರು, ಪತ್ರಕರ್ತರನ್ನು! ಅವರಲ್ಲಿ ಆ ಒಲವು ಕಾಣಲೇ ಇಲ್ಲ! ಸರಳವೂ ಅವರಿಗೆ ಒಂದೇ, ಜಟಿಲವೂ ಒಂದೇ. ಬರೆಯುವ ಕಣ್ಣಿಗೂ ಓದುವ ಕಣ್ಣಿಗೂ ಇಷ್ಟು ದೂರ! ಓದುಗರಿಗೆ ಯಾವುದು ಹಿಡಿಸುತ್ತದೆ ಎಂಬುದನ್ನು ಸಂಪಾದಕರ ಅಂದಾಜಿಗೆ ಬಿಡದೆ ಓದುಗರಿಗೇ ಬಿಟ್ಟ ಅಪ್‌ವರ್ದಿ ಎಷ್ಟು ಸರಿಯಿತ್ತು!

ಈ ನಿಧಿ ಇಂದಿಗೂ ತೆರೆದೇ ಇದೆ. ಹಣ ಕೊಡಬೇಕಿಲ್ಲ. ನೀವೂ ಇಳಿಸಿಕೊಂಡು ನೋಡಬಹುದು!

ನೋಡಿದರೆ ಗೆದ್ದವುಗಳ ಹತ್ತಿರ ನಿಲ್ಲಬೇಡಿ, ಅವುಗಳನ್ನು ಲೋಕವೇ ನೋಡಿದೆ. ಸೋತವುಗಳ ಕಡೆ ಹೋಗಿ. ಒಂದೇ ವಿಡಿಯೊಗೆ ಯಾರೋ ಒಬ್ಬರು ಮನೆಯಲ್ಲಿ ಕುಳಿತು ಹಟ ಹಿಡಿದು ಬರೆದ ಸಾಲುಗಳು. ಕೆಲವು ಸಾವಿರ ಜನರ ಕಣ್ಣಿಗೆ ಬಿದ್ದು, ಕ್ಲಿಕ್ ಸಾಲದೆ ಹಿಂದೆ ಸರಿದವು. ಗೆದ್ದದ್ದರ ಪಕ್ಕದಲ್ಲೇ, ಒಂದೇ ಒಂದು ಪದದ ವ್ಯತ್ಯಾಸದಲ್ಲಿ ಸೋತವೂ ಇವೆ. ಆ ಪದದ ಮೇಲೆ ಬೆರಳಿಟ್ಟು ಎರಡನ್ನೂ ಗಟ್ಟಿಯಾಗಿ ಓದಿ. ಮೇಲಿನದೋ, ಕೆಳಗಿನದೋ? ಗೆದ್ದದ್ದು ಯಾವುದೆಂದು ಹೇಳುವ ಅಂಕಣವನ್ನು ಅಂಗೈಯಿಂದ ಮುಚ್ಚಿಕೊಳ್ಳಿ.

ಈಗ ಹೇಳಿ ನೋಡೋಣ!